ವಾರಗಿತ್ತಿಯ ಪಾಠ

ಹದಿನೆಂಟು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ, ನಲವತ್ತು ದಾಟಿದ ಮೇಲೆ ಆಕೆ ಪಿಎಚ್‌ಡಿ ಮಾಡಿದಳು. ಕಂಪ್ಯೂಟರಿನ ಮುಂದೆ ಕೂತ ಮಗು ಎಲ್ಲಿ, ಯಾಕೆ ತಡವರಿಸುತ್ತದೆ ಎಂಬುದೇ ಅವಳ ವಿಷಯ. ವಿಶ್ವವಿದ್ಯಾಲಯದಲ್ಲಿ ಕೆಲಸವೂ ಸಿಕ್ಕಿತು. ಮನೆಯವರು ‘ಡಾಕ್ಟರಮ್ಮ’ ಎಂದು ರೇಗಿಸಿದರೆ ಬೈಯುತ್ತಿದ್ದಳು, ಒಳಗೊಳಗೆ ಹಿಗ್ಗುತ್ತಿದ್ದಳು.

ಆಮೇಲೆ ಮೈದುನನ ಹೆಂಡತಿ ಅದೇ ವಿಭಾಗಕ್ಕೆ ಬಂದಳು. ಹತ್ತು ವರ್ಷ ಚಿಕ್ಕವಳು, ಬಲು ಚುರುಕು. ಒಂದೇ ಮನೆಗೆ ಇಬ್ಬರು ಡಾಕ್ಟರಮ್ಮಂದಿರು! ಅವಳ ಲೇಖನ ಅಚ್ಚಾದಾಗಲೆಲ್ಲ ಅತ್ತೆ, “ಚಿಕ್ಕವಳು ಎಷ್ಟು ಬೇಗ ಬರೀತಾಳೆ ನೋಡು” ಎನ್ನುವರು. ದೊಡ್ಡವಳು ಅಂದಿನ ಸಾರಿಗೆ ಎರಡು ಮೆಣಸಿನಕಾಯಿ ಹೆಚ್ಚು ಅರೆಯುತ್ತಿದ್ದಳು. ಪ್ರೊಫೆಸರ್ ಹುದ್ದೆ ಒಂದು ಖಾಲಿಯಾದಾಗ ಇಬ್ಬರೂ ಅರ್ಜಿ ಹಾಕಿದರು.

ಅದೇ ತಿಂಗಳು ಚಿಕ್ಕವಳು ಟ್ಯಾಬ್ಲೆಟ್‌ಗಾಗಿ ಮಾಡಿದ ಓದಿನ ಪಾಠವನ್ನು ವಿಭಾಗದವರು ಒಂದು ಶಾಲೆಯಲ್ಲಿ ಪರೀಕ್ಷಿಸಿ, ವಿಡಿಯೊ ಮಾಡಿಕೊಂಡರು. ಮೂವತ್ತರಲ್ಲಿ ಇಪ್ಪತ್ತೊಂದು ಮಕ್ಕಳು ಫೇಲು. ವಿಡಿಯೊ ನೋಡಿದ ದೊಡ್ಡವಳಿಗೆ ಕಾರಣ ತಕ್ಷಣ ಹೊಳೆಯಿತು. ಮಗು ಸರಿಯಾದ ಅಕ್ಷರವನ್ನೇ ಒತ್ತುತ್ತಿತ್ತು. ‘ಸರಿ’ ಎನ್ನುವ ಟ್ಯಾಬ್ಲೆಟ್ಟಿನ ದನಿ ಬರುವುದು ತಡವಾದ್ದರಿಂದ ಮತ್ತೊಮ್ಮೆ ಒತ್ತುತ್ತಿತ್ತು. ಅಷ್ಟರಲ್ಲಿ ಮುಂದಿನ ಪ್ರಶ್ನೆ ಬಂದು, ಆ ಎರಡನೇ ಒತ್ತು ಅದರ ತಪ್ಪು ಉತ್ತರವಾಗಿ ದಾಖಲಾಗುತ್ತಿತ್ತು.

ಯಾರಿಗೂ ಹೇಳಲಿಲ್ಲ. ಆ ವಾರವೆಲ್ಲ ವಾರಗಿತ್ತಿಯ ಬಾಡಿದ ಮುಖ ನೋಡುತ್ತ ಊಟ ಮಾಡುವುದು ಹಿತವಾಗಿಯೇ ಇತ್ತು.

ಸೋಮವಾರದ ಸಭೆಯಲ್ಲಿ ವಿಭಾಗದ ಮುಖ್ಯಸ್ಥರು, “ಪಾಠ ಚೆನ್ನಾಗೇ ಇದೆ. ಆ ಶಾಲೆ ಮಕ್ಕಳೇ ದಡ್ಡರು, ಬಿಡಿ” ಎಂದರು.

ಅದು ದೊಡ್ಡವಳು ಹದಿನೆಂಟು ವರ್ಷ ಕಲಿಸಿದ ಶಾಲೆ.

“ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ! ಮಕ್ಕಳನ್ನ ಯಾಕೆ ಅಂತೀರಿ ಸರ್?” ಎನ್ನುತ್ತ ಎದ್ದು ವಿಡಿಯೊ ಹಾಕಿ ತೋರಿಸಿದಳು.

ಹೊರಗೆ ಬಂದ ಮೇಲೆ ಚಿಕ್ಕವಳು ಕೇಳಿದಳು. “ಅಕ್ಕಾ, ಇದು ನಿಮಗೆ ಯಾವಾಗ ಗೊತ್ತಾಯ್ತು?”

“ಹೋದ ಮಂಗಳವಾರ.”

“ಒಂದು ಮಾತು ಹೇಳಬಹುದಿತ್ತಲ್ಲ?”

“ಹೇಳಬಹುದಿತ್ತು. ಹೊಟ್ಟೆಕಿಚ್ಚು ಕಣೇ, ಹೇಳಲಿಲ್ಲ.”

ಹದಿನೈದು ದಿನ ಇಬ್ಬರ ನಡುವೆ ಮಾತಿಲ್ಲ. ತಿದ್ದಿದ ಪಾಠದಲ್ಲಿ ಇಪ್ಪತ್ತೇಳು ಮಕ್ಕಳು ಪಾಸಾದರು. ಹುದ್ದೆ ಚಿಕ್ಕವಳಿಗೇ ಆಯಿತು. ದೊಡ್ಡವಳು ಎಲ್ಲರೆದುರು ಕೈ ಕುಲುಕಿ, ಮನೆಗೆ ಬಂದು, ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತಳು.

ಮರುವಾರ ಚಿಕ್ಕವಳು ಹೊಸ ಲೆಕ್ಕದ ಪಾಠವನ್ನು ಅವಳ ಮೇಜಿನ ಮೇಲಿಟ್ಟಳು. “ಮಕ್ಕಳಿಗೆ ಕೊಡೋ ಮೊದಲು ನೀವೇ ನೋಡಿ. ಈ ಸಲ ಅವತ್ತೇ ಹೇಳಬೇಕು.”

“ಹೇಳ್ತೀನಿ. ಹೊಗಳು ಅಂತ ಮಾತ್ರ ಕೇಳಬೇಡ” ಎಂದು ದೊಡ್ಡವಳು ಕನ್ನಡಕ ಹಾಕಿಕೊಂಡಳು.