ಎರೆಹುಳಕ್ಕೆ ಹಬ್ಬದೂಟ

ಆಯುಧಪೂಜೆಯ ಮರುದಿನ ಎರೆಹುಳಗಳಿಗೆ ಔತಣ ಹಾಕಿದ ಮಹಾಪುರುಷ ಇಡೀ ಪೀಣ್ಯದಲ್ಲಿ ನಾನೊಬ್ಬನೇ ಇರಬೇಕು.

ಹುಳ ನನ್ನವಲ್ಲ, ಅವ್ವನವು. ಅಪ್ಪ ತೀರಿಕೊಂಡ ಮೇಲೆ ಅವ್ವ ಊರಲ್ಲಿದ್ದ ಹಸು ಮಾರಿ, ವಠಾರದ ನನ್ನ ಒಂದೇ ಕೋಣೆಗೆ ಬಂದಿದ್ದಳು. ಮಾರಿದರೂ ಹಗ್ಗ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಅದನ್ನು ತಂದು ಗೋಡೆಯ ಮೊಳೆಗೆ ನೇತುಹಾಕಿದ್ದಳು. ನಾನು ಲೇತ್ ಹೆಲ್ಪರ್. ಬೆಳಿಗ್ಗೆ ಫ್ಯಾಕ್ಟರಿಗೆ ಹೋದರೆ ಅವಳಿಗೆ ಗೋಡೆ ನೋಡುವುದೇ ಕೆಲಸ. ಊಟವೂ ಕಡಿಮೆಯಾಗಿತ್ತು.

ಕೃಷಿ ಕಾಲೇಜಿನ ತೋಟಕ್ಕೆ ಕೂಲಿಗೆ ಹೋಗುತ್ತಿದ್ದ ಪಕ್ಕದ ಮನೆಯ ಅಕ್ಕ ಒಮ್ಮೆ ತೆಂಗಿನ ಚಿಪ್ಪಿನಲ್ಲಿ ಎರೆಹುಳ ತಂದುಕೊಟ್ಟರು. ನಾನು ಹಳೇ ಎಣ್ಣೆ ಡಬ್ಬಕ್ಕೂ ಸೀಳು ಬಿಟ್ಟ ಬಕೆಟ್ಟಿಗೂ ತೂತು ಕೊರೆದುಕೊಟ್ಟೆ. ಅವ್ವ ಚಿಗುರಿಕೊಂಡಳು. ತರಕಾರಿ ಸಿಪ್ಪೆ, ಸೋಸಿದ ಟೀಪುಡಿ ಹಾಕಿ, ಮೇಲಿನ ಗೋಣಿ ತೇವ ಮಾಡುತ್ತಾ ಹುಳಗಳ ಜೊತೆ ಮಾತಾಡುವಳು. "ದನಕ್ಕೆ ಮೇವಾಯ್ತು" ಅಂದ ಮೇಲೆಯೇ ನನಗೆ ಮುದ್ದೆ.

ಹಬ್ಬಕ್ಕೆ ಊರಿಗೆ ಹೊರಟವಳು ಬಸ್ಸಿನ ಕಿಟಕಿಯಿಂದ ಹೇಳಿದಳು: "ದಿನಾ ಒಂದಿಡಿ ಸಿಪ್ಪೆ, ಅಷ್ಟೇಯ. ನಿನ್ ಬುದ್ಧಿ ಉಪಯೋಗಿಸ್ಬ್ಯಾಡ ಕಣ್ಲಾ."

ಉಪಯೋಗಿಸಿದೆ.

ಪೂಜೆಯ ಮರುದಿನ ಪ್ರತಿ ಫ್ಯಾಕ್ಟರಿ ಗೇಟಿನ ಮುಂದೆಯೂ ಒಡೆದ ಬೂದುಗುಂಬಳ ಬಿದ್ದಿತ್ತು, ಹೊಟ್ಟೆ ತುಂಬ ಕುಂಕುಮ. ಇಷ್ಟು ಮೇವು ತಿಂದರೆ ಅವ್ವ ಬರುವಷ್ಟರಲ್ಲಿ ಹುಳ ಹೆಬ್ಬಾವಾಗಿರುತ್ತದೆ ಅಂದುಕೊಂಡು ಚೀಲ ತುಂಬಿದೆ. ಲಾರಿ ಚಕ್ರದಡಿ ಅಪ್ಪಚ್ಚಿಯಾದ ನಿಂಬೆಹಣ್ಣನ್ನೂ ಬಿಡಲಿಲ್ಲ. ಡಬ್ಬಕ್ಕೂ ಬಕೆಟ್ಟಿಗೂ ತುರುಕಿ, ಬಾಯಿಗೆ ಪ್ಲಾಸ್ಟಿಕ್ ಬಿಗಿದೆ.

ಅವ್ವ ಬರುವ ದಿನ ಬೆಳಿಗ್ಗೆ ಬಿಚ್ಚಿದರೆ ಒಳಗೆ ಬಿಸಿ, ಹುಳಿ ವಾಸನೆ, ತೂತು ಕಟ್ಟಿಕೊಂಡು ನಿಂತ ಕೆಂಪು ನೀರು. ಹುಳಗಳು ನೆನೆದ ದಾರದ ಹಾಗೆ ತೇಲುತ್ತಿದ್ದವು.

ಅಕ್ಕ ಮೂಗು ಮುಚ್ಚಿಕೊಂಡು ಬಂದರು. "ಏನೋ ಇದು, ಅರಿಶಿನ ಕುಂಕುಮ ಕೊಟ್ಟು ಕಳಿಸಿಬಿಟ್ಯಾ?"

"ಅಕ್ಕಾ, ಬೇರೆ ಹುಳ ಕೊಡ್ಸಿ. ಸಾಯಂಕಾಲ ಅವ್ವ ಬರ್ತಾಳೆ."

"ತೋಟಕ್ಕೆ ರಜ ಕಣೋ. ಇದ್ರೂ, ನಿಮ್ಮವ್ವಂಗೆ ಗೊತ್ತಾಗಲ್ವಾ?"

ಕೆಲಸಕ್ಕೆ ಚಕ್ಕರ್ ಹೊಡೆದೆ. ಟೀ ಸೋಸುವ ಜಾಲರಿಯಲ್ಲಿ ಹುಳಗಳನ್ನು ನಲ್ಲಿಯಡಿ ತೊಳೆದೆ. ಫ್ಯಾಕ್ಟರಿ ಹಿಂದಿನ ರಾಗಿ ಹೊಲದ ತಿಪ್ಪೆಯಿಂದ ಗೊಬ್ಬರ ಕದ್ದು ತಂದು ತಟ್ಟೆಯಲ್ಲಿ ಹರಡಿ, ಒಂದೊಂದನ್ನೇ ಮಲಗಿಸಿ ಬೀಸಣಿಗೆಯಲ್ಲಿ ಗಾಳಿ ಹಾಕಿದೆ. ವಠಾರದವರು ನಗುತ್ತಿದ್ದರು. ನಾನೂ ನಗಬೇಕಾದ ದೃಶ್ಯವೇ. ಆದರೆ ನಾನು ಕಡ್ಡಿಯಲ್ಲಿ ಮುಟ್ಟಿ ಮುಟ್ಟಿ, "ಅಲ್ಲಾಡು ಗುರು, ಒಂದ್ಸಲ ಅಲ್ಲಾಡು" ಅಂತ ಹುಳದ ಮುಂದೆ ಗೋಗರೆಯುತ್ತಿದ್ದೆ. ಒಂದೂ ಅಲ್ಲಾಡಲಿಲ್ಲ.

ಸಂಜೆ ಬಂದ ಅವ್ವನ ಕೈಯಲ್ಲಿ ಬಟ್ಟೆಗಂಟಿತ್ತು. ಒಳಗೆ ಸಗಣಿ. "ನಮ್ ಹಸೂದೇ ಕಣ್ಲಾ. ಕೊಂಡ್ಕೊಂಡೋರ ಮನೇಗೆ ಹೋಗಿ ತಂದೆ, ಇವುಕ್ಕೆ ಅಂತ." ಆಮೇಲೆ ತಟ್ಟೆ ನೋಡಿದಳು.

"ಹಬ್ಬದೂಟ ಜಾಸ್ತಿಯಾಯ್ತು ಕಣವ್ವಾ" ಅಂದೆ. ಅವಳು ಗಂಟನ್ನು ಬಿಚ್ಚದೆ ಬಾಗಿಲ ಮೂಲೆಗಿಟ್ಟು, ಒಲೆ ಹಚ್ಚಿ ಮುದ್ದೆ ಮಾಡಿ, ಒಂದೇ ತಟ್ಟೆ ಹಾಕಿದಳು. "ನಿನಗೆ?" ಅಂತ ಕೇಳಿದೆ.

ಮೊಳೆಯ ಕಡೆ ನೋಡುತ್ತಾ ಹೇಳಿದಳು: "ದನ ಮಾರ್ದಾಗ ಹಗ್ಗನಾದ್ರೂ ಉಳೀತು ಕಣ್ಲಾ."