ತುಟಿಯಲ್ಲೇ ನಿಂತ ಹೆಸರು

ನಮ್ಮ ವಸಂತ ಮಾಮಾ ಹೋದ ವಾರ ಸ್ಪೀಚ್ ಥೆರಪಿಗೆ ಸೇರಿದರು. ವಯಸ್ಸು? ಹತ್ತಿರ ಹತ್ತಿರ ಎಪ್ಪತ್ತು.

'ಲಕ್ವಾ ಹೊಡೆದಿತ್ತಾ?' ಎಂದು ಕೇಳಬೇಡಿ. (ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ.) ಮಾಮಾ ಗಟ್ಟಿಮುಟ್ಟಾಗಿದ್ದಾರೆ. ಕ್ಲಿನಿಕ್‌ಗೆ ಅವರು ಹೋಗಿದ್ದು ಮೊಮ್ಮಗಳು ಅನ್ವಿಯನ್ನು ಕರೆದುಕೊಂಡು. ಅನ್ವಿ ಎರಡನೇ ಕ್ಲಾಸು. ಮಾತಾಡುವಾಗ ಉಗ್ಗುತ್ತಾಳೆ. ಅವಳ ಅಮ್ಮ, ಅಂದರೆ ಮಾಮಾನ ಮಗಳು ಸ್ಮಿತಾಗೆ ಮಾದಾಪುರದ ಆಫೀಸಿನಲ್ಲಿ ಶನಿವಾರವೂ ಮೀಟಿಂಗು. ಹಾಗಾಗಿ ಕಾರು ಓಡಿಸುವ ಕೆಲಸ ನನಗೆ ಬಿತ್ತು.

ಮಾಮಾ ನನ್ನ ಅವ್ವನ ತಮ್ಮ. ನಾಂಪಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಫೈಲುಗಳ ನಡುವೆಯೇ ರಿಟೈರ್ ಆದವರು. ಮದುವೆ, ಮುಂಜಿ ಎಲ್ಲೇ ಹೋದರೂ ಮೂಲೆಯ ಕುರ್ಚಿ ಹಿಡಿದು, ಮುಗುಳ್ನಕ್ಕು, ಊಟ ಮಾಡಿ ಬರುವವರು. 'ವಸಂತ ಭಾಳ ಗಂಭೀರ ಮನಷ್ಯಾ' ಎಂದು ಬಳಗವೆಲ್ಲ ಅವರಿಗೆ ಸರ್ಟಿಫಿಕೇಟ್ ಕೊಟ್ಟಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಅಂತೀವಲ್ಲ. ಆ ಬಂಗಾರ ಅವರಿಗೆ ಬೇಕಿತ್ತೋ ಇಲ್ಲವೋ, ಕೇಳಿದವರು ಯಾರು?

ಅನ್ವಿಯ ಥೆರಪಿಸ್ಟ್ ಸ್ವಪ್ನಾ, ತೆಲುಗಿನ ಹುಡುಗಿ. ಮೊದಲ ದಿನವೇ ಮನೆಯವರಿಗೆಲ್ಲ ತಾಕೀತು ಮಾಡಿದ್ದಳಂತೆ. ಮಗು ತಡವರಿಸಿದಾಗ 'ನಿಧಾನ ಹೇಳು' ಅನ್ನಬೇಡಿ. ಬಾಯಲ್ಲಿದ್ದ ಮಾತನ್ನು ನೀವೇ ಮುಗಿಸಬೇಡಿ. ಮುಖ ತಿರುಗಿಸಬೇಡಿ. ಸುಮ್ಮನೆ ಕಾಯಿರಿ. ಕೇಳಲು ಎಷ್ಟು ಸುಲಭ ಅಲ್ಲವೇ? ಒಮ್ಮೆ ಮಾಡಿ ನೋಡಿ, ಬಾಯಿ ಹೇಗೆ ತುರಿಸುತ್ತದೆ ಅಂತ.

ಅಂದು ಒಂದು ಆಟ ನಡೆದಿತ್ತು. ಮನೆಯವರ ಹೆಸರು ಒಂದೊಂದೇ ಹೇಳುವುದು, ಹೇಳಿದ ಮೇಲೆ ಒಂದು ಮರದ ತುಂಡು ಪೇರಿಸುವುದು. ಅನ್ವಿ ಅಪ್ಪನ ಹೆಸರು ಹೇಳಿದಳು. ಅಮ್ಮನ ಹೆಸರಿಗೆ ತುಸು ತಡವರಿಸಿದಳು, ಆದರೆ ಹೆದರಲಿಲ್ಲ. ಹೇಳಿ ಮುಗಿಸಿ ತುಂಡು ಇಟ್ಟಳು. ಆಮೇಲೆ ಪಕ್ಕದಲ್ಲಿದ್ದ ಮಾಮಾನ ಕಡೆ ತಿರುಗಿ, "ಅಜ್ಜಾ, ಈಗ ನಿನ್ನ ಪಾಳಿ. ಅಜ್ಜಿ ಹೆಸರು ಹೇಳು" ಎಂದಳು.

ಅಜ್ಜಿ ಅಂದರೆ ನಮ್ಮ ಪ್ರಮೀಳಾ ಅತ್ತಿ. ಹೋದ ವರ್ಷ ತೀರಿಕೊಂಡರು.

ಮಾಮಾ ಬಾಯಿ ತೆರೆಯಲು ಹೋದರು. ತುಟಿಗಳು ಒಂದಕ್ಕೊಂದು ಅಂಟಿಕೊಂಡವು. ಕತ್ತಿನ ನರ ಉಬ್ಬಿತು, ಕಣ್ಣು ಮುಚ್ಚಿಹೋಯಿತು. ಶಬ್ದವಿಲ್ಲ. ಪಾಪ, ಹೆಂಡತಿಯ ನೆನಪಾಗಿ ದುಃಖ ಉಮ್ಮಳಿಸಿದೆ ಎಂದುಕೊಂಡೆ. ನಾನೇ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಸ್ವಪ್ನಾ ಕೈ ಅಡ್ಡ ಹಿಡಿದಳು. ಅವಳಿಗೆ ಅರ್ಥವಾಗಿತ್ತು.

"ಪರವಾಲೇದು ತಾತಗಾರೂ." ಎಂದಳು. ಪರವಾಗಿಲ್ಲ ಅಜ್ಜಾ, ಅವಸರವಿಲ್ಲ ಅಂತ.

ಅನ್ವಿ ಅಜ್ಜನ ಮೊಣಕಾಲಿನ ಮೇಲೆ ಕೈಯಿಟ್ಟು ಕಾದಳು.

"ಪ್... ಪ್... ಪ್ರಮೀಳಾ."

ಅನ್ವಿ ಚಪ್ಪಾಳೆ ತಟ್ಟಿದಳು. ಮಾಮಾ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಆಮೇಲೆ ಅವರು ಎಲ್ಲವನ್ನೂ ಮುರಿದು ಮುರಿದು ಹೇಳಿದರು. ನಾನು ಜೋಡಿಸಿ ಬರೆಯುತ್ತಿದ್ದೇನೆ. "ಸಣ್ಣಾಂವ ಇದ್ದಾಗ ಮಾತು ಛಲೋ ಬರ್ಲಿ ಅಂತ ಬಜಿ ಬೇರು ತೇದು ನಾಲಿಗಿಗೆ ಹಚ್ಚಿದ್ರು. ಸಾಲಿಯೊಳಗ ಮಾಸ್ತರು ಛಡಿಲೆ ಹೊಡದ್ರು. ಅವಾಗಿಂದ ಮುಚ್ಚಿಡೂದು ಕಲ್ತೆ. ಮದುವ್ಯಾಗ ಒಡಪು ಕಟ್ಟಿ ಹೇಣ್ತಿ ಹೆಸರು ಹೇಳು ಅಂದ್ರು. ತುಟಿ ಬಿಚ್ಚಲೇ ಇಲ್ಲ. ಹುಡುಗಗ ನಾಚಿಕಿ ಬಂತು ಅಂತ ಎಲ್ಲಾರೂ ನಕ್ಕರು. ನಾನೂ ನಕ್ಕೆ."

ಉಗ್ಗನ್ನು ಇಷ್ಟು ಕಾಲ ಮುಚ್ಚಿಡಲು ಸಾಧ್ಯವೇ? ಸಾಧ್ಯವಂತೆ. ಬಾರದ ಶಬ್ದ ಎದುರಾದರೆ ಬೇರೆ ಶಬ್ದ ಹಾಕುವುದು, ಅದೂ ಆಗದಿದ್ದರೆ ಸುಮ್ಮನಿರುವುದು. ಅನೇಕರು ಹೀಗೇ ಬದುಕು ಕಳೆಯುತ್ತಾರೆ ಎಂದಳು ಸ್ವಪ್ನಾ. ಮಾಮಾಗೆ ಹೆಚ್ಚು ಕಾಡಿದ್ದು 'ಪ'. ಅವರ ಮನೆ ಪದ್ಮಾರಾವ್ ನಗರದಲ್ಲಿ. ಬಸ್ಸಿನಲ್ಲಿ ಅವರು ಕೇಳುತ್ತಿದ್ದದ್ದು ಚಿಲಕಲಗೂಡದ ಟಿಕೆಟ್ಟು; ಅಲ್ಲಿಳಿದು ನಡೆದು ಬರುತ್ತಿದ್ದರು. ಹೋಟೆಲ್ಲಿನಲ್ಲಿ ಪೂರಿ ತಿನ್ನುವ ಆಸೆಯಾದರೆ ಇಡ್ಲಿ ತಿಂದು ಎದ್ದು ಬರುತ್ತಿದ್ದರು. ಪ್ರಮೋಷನ್ ಬೇಡ ಅಂದದ್ದೂ ಮೀಟಿಂಗಿನಲ್ಲಿ ಮಾತಾಡಬೇಕಾಗುತ್ತದೆ ಎಂಬ ಭಯಕ್ಕೆ. ಟಿಕೆಟ್ಟಿಗೆ, ಪೂರಿಗೆ ಬದಲಿ ಇತ್ತು; ಪ್ರಮೋಷನ್ ಬೇಡ ಅಂದರೆ ಮುಗಿಯಿತು. ಹೆಸರಿಗೆ ಬದಲಿ ಶಬ್ದ ಎಲ್ಲಿಂದ ತರುವುದು? ಅದಕ್ಕೇ 'ಕೇಳಿಸ್ತೇನು?', 'ಏ ಇಕೀ' ಎಂದೇ ಸಂಸಾರ ನಡೆಸಿದರು. ಹಳೇ ಕಾಲದ ಗಂಡಸು, ಹೀಗೇ ಎಂದು ನಾವೂ ಒಪ್ಪಿಕೊಂಡಿದ್ದೆವು.

"ಮೊದಲೇ ಬಂದಿದ್ರ ಆಗ್ತಿತ್ತೇನವಾ?" ಮಾಮಾ ಸ್ವಪ್ನಾಳನ್ನು ಕೇಳಿದರು. ನಾನು ತೆಲುಗಿನಲ್ಲಿ ಹೇಳಿದೆ.

ಅವಳು ಬಣ್ಣ ಹಚ್ಚದೆ ಉತ್ತರಿಸಿದಳು. ಮೊದಲೇ ಬಂದಿದ್ದರೆ ಇಷ್ಟೊಂದು ಬಿಟ್ಟುಕೊಡಬೇಕಾಗಿರಲಿಲ್ಲ. ಈಗಲೂ ತಡವಾಗಿಲ್ಲ. ಉಗ್ಗು ಪೂರಾ ಹೋಗಲಿಕ್ಕಿಲ್ಲ, ಆದರೆ ಉಗ್ಗುತ್ತಲೇ ಹೇಳಬೇಕಾದ್ದನ್ನು ಹೇಳಬಹುದು. ಅದನ್ನೇ ಇಲ್ಲಿ ಕಲಿಸುವುದು. ಕನ್ನಡದಲ್ಲೇ ಮಾತಾಡಿ, ಭಾಷೆಯ ಚಿಂತೆ ಬೇಡ ಎಂದಳು. ಮಾಮಾ ತಲೆಯಾಡಿಸಿದರು. ಮುಂದಿನ ಶನಿವಾರದಿಂದ ಅಜ್ಜ, ಮೊಮ್ಮಗಳು ಇಬ್ಬರಿಗೂ ಕ್ಲಾಸು.

ಕಣ್ಣು ಕಾಣದಿದ್ದರೆ ಕನ್ನಡಕ ಹಾಕಿಸುತ್ತೇವೆ. ಹಲ್ಲು ಬಿದ್ದರೆ ಕಟ್ಟಿಸುತ್ತೇವೆ. ಮಾತು ಕಟ್ಟಿಕೊಂಡರೆ? ಮಿಮಿಕ್ರಿ ಮಾಡಿ ನಗುತ್ತೇವೆ, ಇಲ್ಲವೇ 'ಗಂಭೀರ' ಎಂದು ಹೊಗಳಿ ಕೈತೊಳೆದುಕೊಳ್ಳುತ್ತೇವೆ.

ಮನೆಗೆ ಬರುವಾಗ ಅನ್ವಿ ಹಿಂದಿನ ಸೀಟಿನಲ್ಲಿ ನಿದ್ದೆಹೋದಳು. ಸಿಗ್ನಲ್‌ನಲ್ಲಿ ನಿಂತಾಗ ಮಾಮಾ ಕೇಳಿದರು: "ಆಕಿಗೆ ಗೊತ್ತಿತ್ತೇನು? ನನಗ ಹೆಸರು ಬರ್ತಿದ್ದಿಲ್ಲ ಅನ್ನೂದು?"

ಒಮ್ಮೆ ಅತ್ತಿ ಮೆಂತ್ಯದ ಸೊಪ್ಪು ಸೋಸುತ್ತ, ಎಲೆ ಬಿಡಿಸುತ್ತ ನನ್ನ ಮುಂದೆ ಹೇಳಿದ್ದರು: "ನಿಮ್ಮ ಮಾಮಾಗ ನಾನೂ ಸೇರಲಿಲ್ಲ, ನನ್ನ ಹೆಸರೂ ಸೇರಲಿಲ್ಲ. ಒಂದಿನಾನೂ ಹೆಸರು ಹಿಡದು ಕರೀಲಿಲ್ಲ ನೋಡು." ನಗುತ್ತಲೇ ಹೇಳಿದ್ದರು. ಆಮೇಲೆ ಸೋಸಿಟ್ಟ ಸೊಪ್ಪನ್ನೇ ಮತ್ತೊಮ್ಮೆ ಸೋಸಿದ್ದರು.

ಮಾಮಾ ನನ್ನ ಮುಖವನ್ನೇ ನೋಡುತ್ತಿದ್ದರು.

"ಗೊತ್ತಿತ್ತು ಮಾಮಾ" ಎಂದೆ. "ಅತ್ತಿನೇ ಹೇಳಿದ್ರು."

ಈ ಸುಳ್ಳು ಹೇಳುವಾಗ ನನ್ನ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.