ವಾಡಿಯ ಟಾಂಗಾ, ಖಂಡೆಪ್ಪನ ಭೋಂಗಾ

ಬೆಳಕು ಹರಿಯುವ ಹೊತ್ತು. ವಾಡಿ ಸ್ಟೇಷನ್ ರಸ್ತೆಯ ಗೋಡೆಯ ಮುಂದೆ ಖಂಡೆಪ್ಪ ಒದ್ದೆ ಅರಿವೆ ಹಿಡಿದು ನಿಂತಿದ್ದಾರೆ. ರಾತ್ರಿಯೆಲ್ಲ ಕಾರ್ಖಾನೆಯಿಂದ ಬಂದು ಕೂತ ಸಿಮೆಂಟಿನ ಧೂಳನ್ನು ಒರೆಸದೆ ಪೋಸ್ಟರ್ ಹಚ್ಚಿದರೆ ಮಧ್ಯಾಹ್ನದೊಳಗೆ ನಾಯಕಿ ಕಳಚಿ ನೆಲಕ್ಕೆ ಬೀಳುತ್ತಾಳೆ. ಒರೆಸುತ್ತಾರೆ, ಮೈದಾ ಅಂಟು ಬಳಿಯುತ್ತಾರೆ, ಕಾಗದ ಒತ್ತುತ್ತಾರೆ. ಇಂದು ಶುಕ್ರವಾರ, ಟೆಂಟ್ ಟಾಕೀಸಿಗೆ ಹೊಸ ಸಿನಿಮಾ. ನಾಟಕದ ಹಳೆಯ ನಟನೊಬ್ಬನ ಹೆಸರು ಮಾಸುತ್ತ, ಅವನೇ ಕಲಿಸಿದ ಹುಡುಗಿಯ ಹೆಸರು ಬೆಳಗುತ್ತ ಹೋಗುವ ಕತೆ. ಪೋಸ್ಟರಿನಲ್ಲಿ ಹುಡುಗಿ ಆಳೆತ್ತರ ಇದ್ದಾಳೆ, ಮುದುಕ ಮೂಲೆಯಲ್ಲಿ ಅಂಗೈಯಷ್ಟು. ಆ ಮೂಲೆಗೆ ಖಂಡೆಪ್ಪ ಎರಡು ಪಾಲು ಅಂಟು ಬಳಿಯುತ್ತಾರೆ.

ಒಂದು ಕಾಲಕ್ಕೆ ಈ ಊರಿನ ಶುಕ್ರವಾರ ಅವರದೇ. ಬಂದೇಅಲಿಯ ಟಾಂಗಾದಲ್ಲಿ ಹಿಮ್ಮುಖವಾಗಿ ಕೂತು, ತಗಡಿನ ಭೋಂಗಾ ಬಾಯಿಗಿಟ್ಟು ಸಿನಿಮಾದ ಕತೆ ಸಾರುತ್ತ ಹೊರಟರೆ, ರೇಲ್ವೆ ಕ್ವಾರ್ಟರ್ಸಿನ ಹೆಂಗಸರು ರೊಟ್ಟಿಯನ್ನು ಹಂಚಿನ ಮೇಲೇ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಹೆಂಡತಿ ಭೀಮಮ್ಮ ಪಕ್ಕದಲ್ಲಿ ಕೂತು ಹ್ಯಾಂಡ್‌ಬಿಲ್ ತೂರುತ್ತಿದ್ದರು. ಮೈಸೂರು ರಾಜ್ಯ ಕರ್ನಾಟಕವಾದ ವರ್ಷ ಖಂಡೆಪ್ಪನವರ ಗಂಟಲು ಕೈಕೊಟ್ಟಿತು. ನಡುಬೀದಿಯಲ್ಲಿ ಕತೆ ನಿಂತುಹೋದಾಗ ಭೀಮಮ್ಮ ಭೋಂಗಾ ಎತ್ತಿಕೊಂಡರು. ಇನ್ನು ಕೂಗಿದರೆ ಇರುವ ದನಿಯೂ ಹೋಗುತ್ತದೆ ಎಂದರು ಡಾಕ್ಟರು.

"ಎಂಟು ದಿನದ ಮಟ್ಟಿಗೆ ಅಂತ ಕೊಟ್ಟಿದ್ದೆ ರಿ. ಮಂದಿ ಆಕಿನ್ನೇ ಕೇಳ್ಲಿಕತ್ರು. ಈಗ ಆಕಿ ಕತಿ ಹೇಳ್ತಾಳ, ನಾ ಚೀಟಿ ತೂರ್ತೀನಿ," ಎನ್ನುತ್ತಾರೆ ಖಂಡೆಪ್ಪ.

ಹೊಟ್ಟೆಕಿಚ್ಚಿಲ್ಲವೇ ಎಂದು ಕೇಳಿದರೆ ಮುಚ್ಚಿಡುವ ಮನುಷ್ಯರಲ್ಲ. "ಅದ ರಿ, ಭಾಳ ಅದ. ಆಕಿಗಿ ಯಾರಾರ ಚಾ ತಂದ್ರ ನನಗೂ ಒಂದು ಕಪ್ ಬರ್ತದ. ಆದ್ರ ಅದು ಭೀಮಮ್ಮನ ಗಂಡನ ಕಪ್ಪು. ಗಂಟಲದಾಗ ಇಳ್ಯಂಗಿಲ್ಲ."

ಇಷ್ಟು ಚೆಂದ ಹೇಳುವುದನ್ನು ಕಲಿಸಿದವರು ಯಾರು ಎಂದು ಯಾರಾದರೂ ಕೇಳಿದರೆ ಭೀಮಮ್ಮ ಗಂಡನತ್ತ ಕೈ ತೋರುತ್ತಾರೆ. ಖಂಡೆಪ್ಪ ಕುದುರೆಯ ಕಡೆ ಮುಖ ತಿರುಗಿಸುತ್ತಾರೆ. ಹೌದು ಎಂದುಬಿಟ್ಟರೆ ತನ್ನ ಕಾಲ ಮುಗಿಯಿತೆಂದು ತಾನೇ ಸಾರಿದ ಹಾಗೆ, ಅದು ಅವರ ಲೆಕ್ಕ.

ಈ ಕಸುಬಿಗೊಂದು ಕಟ್ಟಳೆ ಉಂಟು. ಕತೆಯನ್ನು ಎಷ್ಟಾದರೂ ಬಿಚ್ಚಬಹುದು, ಕೊನೆ ಮಾತ್ರ ಹೇಳಬಾರದು. ಹೋದ ತಿಂಗಳು ಇದೇ ಸಿನಿಮಾ ಇದೇ ಮಾಲೀಕರ ಶಹಾಬಾದಿನ ಟೆಂಟಿನಲ್ಲಿತ್ತು. ಅಲ್ಲಿನ ಬಜಾರಿನಲ್ಲಿ ಭೀಮಮ್ಮ ಕತೆಯನ್ನು ರೈಲು ನಿಲ್ದಾಣದವರೆಗೆ ತಂದು ನಿಲ್ಲಿಸಿದ್ದರು. ಮುನಿದ ಮುದುಕ ಊರು ಬಿಡಲು ನಿಂತಿದ್ದಾನೆ, ಶಿಷ್ಯೆ ಓಡೋಡಿ ಬರುತ್ತಿದ್ದಾಳೆ. ಬಜಾರಿಗೆ ಬಜಾರೇ ಉಸಿರು ಬಿಗಿಹಿಡಿದಿತ್ತು. ಆ ಮೌನ ಒಂದು ಕಾಲಕ್ಕೆ ತನ್ನದಾಗಿತ್ತಲ್ಲ ಎಂದು ಖಂಡೆಪ್ಪನವರಿಗೆ ಮೈಯೆಲ್ಲ ಉರಿಯಿತು. ಟಾಂಗಾದಲ್ಲೇ ಎದ್ದು ನಿಂತು ಒಡಕು ದನಿಯಲ್ಲಿ ಕೂಗಿಬಿಟ್ಟರು: "ಮುದುಕ ರೈಲು ಹತ್ತಿ ಹೋಗೇಬಿಡ್ತಾನ! ಮುಗೀತು ಸಿನಿಮಾ!"

"ತೌಬಾ! ಏನ್ ಮಾಡ್ದಿ ಖಂಡೆಪ್ಪಾ?" ಬಂದೇಅಲಿ ಲಗಾಮು ಜಗ್ಗಿದರು. ಕೊನೆ ಗೊತ್ತಾದ ಸಿನಿಮಾಕ್ಕೆ ಟಿಕೀಟು ಯಾರು ತೆಗೆಯುತ್ತಾರೆ? ಮಾಲೀಕರ ಕಿವಿಗೆ ಬಿದ್ದರೆ ಗಂಡ ಹೆಂಡತಿ ಇಬ್ಬರೂ ಟಾಂಗಾದಿಂದ ಕೆಳಗೆ.

ಭೀಮಮ್ಮ ಅಳುಕಲಿಲ್ಲ. ಭೋಂಗಾ ಮತ್ತೆ ಬಾಯಿಗೆ ಹೋಯಿತು. "ಕೇಳಿದ್ರೇನ್ರವ್ವಾ? ನಮ್ಮ ಮನಿಯವರು ಸುಳ್ಳು ಹೇಳಂಗಿಲ್ಲ. ಆದ್ರ ಕಡೀತನಕ ಎಂದೂ ಕುಂತಿಲ್ಲ! ನಸುಕಿನಾಗ ಪೋಸ್ಟರ್ ಹಚ್ಚಾದು ಅದ ಅಂತ, ರೈಲು ಸೀಟಿ ಹೊಡೀತಿದ್ದಂಗ ಎದ್ದು ಬಂದಾರ. ರೈಲು ಹೊಂಟ ಮ್ಯಾಲ ಏನಾತು, ನೀವೇ ಬಂದು ನೋಡ್ರಿ!"

ಬಜಾರು ಬಿದ್ದು ಬಿದ್ದು ನಕ್ಕಿತು. ಆವತ್ತು ಟೆಂಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಖಂಡೆಪ್ಪನವರೂ ನೆಲದ ಮೇಲೆ ಮುದುರಿ ಕೂತು, ಒಂದು ಸಿನಿಮಾವನ್ನು ಮೊದಲ ಸಲ ಕೊನೆಯವರೆಗೆ ನೋಡಿದರು. ಮುದುಕ ಏನಾದ ಎಂದು ಕೇಳಿದರೆ ಅಂಟಿನ ಕೈ ಅಲ್ಲಾಡಿಸುತ್ತಾರೆ.

"ಅದು ಹೇಳಂಗಿಲ್ರಿ. ಒಮ್ಮೆ ಕಟ್ಟಳಿ ಮುರ್ದೀನಿ, ಸಾಕು."

ಆಸೆ ಏನಾದರೂ ಉಂಟೇ ಎಂದರೆ ಅಂಟಿನ ಡಬ್ಬಿ ಮುಚ್ಚಿ, ಟಾಂಗಾ ಹತ್ತುವಾಗ ಮೆಲ್ಲಗೆ ಹೇಳುತ್ತಾರೆ: "ಕ್ವಾರ್ಟರ್ಸಿನ ಒಂದು ಓಣಿ ನನಗ ಬಿಡ್ಬೇಕ್ರಿ. ಅಷ್ಟೇ. ಅಲ್ಲಿ ಮಂದಿಗಿ ನನ್ನ ದನಿ ಗುರ್ತದ."

ಭೀಮಮ್ಮನ ಕಿವಿಗೆ ಅದು ಬಿದ್ದಿರಬೇಕು. ಟಾಂಗಾ ಕ್ವಾರ್ಟರ್ಸಿಗೆ ಹೊರಳುತ್ತಲೇ ಭೋಂಗಾವನ್ನು ಗಂಡನ ತೊಡೆಯ ಮೇಲಿಟ್ಟು, ಹ್ಯಾಂಡ್‌ಬಿಲ್ಲಿನ ಕಟ್ಟನ್ನು ತಾವು ತೆಗೆದುಕೊಳ್ಳುತ್ತಾರೆ. ಖಂಡೆಪ್ಪ ಕತೆ ಶುರು ಮಾಡುತ್ತಾರೆ. ದನಿ ಸಣ್ಣದು, ಒಡಕು. ಆದರೂ ಒಂದು ಬಾಗಿಲು ತೆರೆಯುತ್ತದೆ. ಜೋಳದ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೆಣ್ಣುಮಗಳೊಬ್ಬಳು ಹೊರಗೆ ಬರುತ್ತಾಳೆ. ಹ್ಯಾಂಡ್‌ಬಿಲ್ಲಿನ ಕಟ್ಟು ಬಿಚ್ಚಲು ಬಾಗಿದ ಭೀಮಮ್ಮ ಆಕೆಗೆ ಕಾಣುವುದಿಲ್ಲ.

"ಯಾಕ್ರಿ ಅಣ್ಣಾ, ಇವತ್ತು ಭೀಮಮ್ಮ ಬಂದಿಲ್ಲೇನು?"

ಖಂಡೆಪ್ಪನವರ ಮುಖ ಇಳಿದುಹೋಗುತ್ತದೆ. ಭೋಂಗಾ ತೊಡೆಗೆ ಬರುತ್ತದೆ. ಆದರೆ ಈ ಸಲ ಅವರು ಕುದುರೆಯ ಕಡೆ ನೋಡುವುದಿಲ್ಲ.

"ಬಂದಾಳವ್ವಾ, ಇಲ್ಲೇ ಕುಂತಾಳ," ಎನ್ನುತ್ತಾರೆ. "ಆಕಿಗಿ ಕಲಿಸಿದಾಂವ ನಾನೇ."